ದೋಷ ಕಾಣದಿರುವುದು, ದೋಷ ಇಲ್ಲದಿರುವುದು

ತಂತ್ರಾಂಶದ ವಿನ್ಯಾಸವನ್ನು ಪರಿಶೀಲಿಸಿದವರು ಅದರಲ್ಲಿ ದೋಷ ಕಾಣಲಿಲ್ಲವೆಂದು ಬರೆದರೆ, ಅಷ್ಟರಿಂದಲೇ ದೋಷವಿಲ್ಲವೆಂಬ ಜ್ಞಾನ ಉಂಟಾಗುತ್ತದೆಯೇ ಎಂಬುದು ಪ್ರಮಾಣಶಾಸ್ತ್ರದ, ಅಂದರೆ ಯಥಾರ್ಥ ಜ್ಞಾನದ ಸಾಧನಗಳನ್ನು ವಿಚಾರಿಸುವ ಶಾಸ್ತ್ರದ, ಪ್ರಶ್ನೆಯೂ ಹೌದು. ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಅಭಾವವನ್ನು ತಿಳಿಸುವ ಪ್ರತ್ಯೇಕ ಪ್ರಮಾಣವೆಂದು ಒಪ್ಪಿದರಾದರೂ ಅದಕ್ಕೆ ಯೋಗ್ಯತೆಯ ನಿಯಮವನ್ನು ವಿಧಿಸಿದರು: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಅದು ಇಲ್ಲವೆಂದು ನಿಶ್ಚಯಿಸಬಹುದು. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿರುವುದು ಅದರ ಅಭಾವಕ್ಕೆ ಪ್ರಮಾಣ. ಕತ್ತಲೆಯಲ್ಲಿ ಕಾಣದಿರುವುದು ಪ್ರಮಾಣವಲ್ಲ.

ಐಬಿಎಂ ಸಂಸ್ಥೆಯ ಮೈಕೆಲ್ ಫೇಗನ್ 1976ರಲ್ಲಿ ಪ್ರಕಟಿಸಿದ ಪರಿಶೀಲನಾ ಕ್ರಮವನ್ನು ಈ ಯೋಗ್ಯತೆಯನ್ನು ಸಂಪಾದಿಸುವ ಸಾಧನೆಯೆಂದು ತಿಳಿಯಬಹುದು. ಪ್ರೋಗ್ರಾಂ ಬರೆಯುವ ಮೊದಲೇ ನಡೆಯುವ ವಿನ್ಯಾಸದ ಪರಿಶೀಲನೆಗೆ ಸದಸ್ಯರು ಮುಂಚಿತವಾಗಿ ಓದಿಕೊಂಡು ಬರುತ್ತಾರೆ; ವಿನ್ಯಾಸವನ್ನು ಸಾಮಾನ್ಯವಾಗಿ ಅದರ ಕರ್ತೃವಿನ ಬದಲು, ಮುಂದೆ ಅದನ್ನು ಪ್ರೋಗ್ರಾಂ ಆಗಿ ಬರೆಯಬೇಕಾದವನೇ ವಿವರಿಸುತ್ತಾನೆ; ಸಭೆಯು ದೋಷಗಳನ್ನು ಗುರುತಿಸುತ್ತದೆಯೇ ಹೊರತು ಪರಿಹಾರದ ಚರ್ಚೆಗೆ ಇಳಿಯುವುದಿಲ್ಲ. ಆದರೂ ಲೋಪವೆಂಬ ದೋಷವನ್ನು ಹಿಡಿಯುವುದು ಕಠಿಣ. ಎಟಿಎಂ ಯಂತ್ರದ ಸ್ಥಿತಿಗಳನ್ನು ತೋರಿಸುವ ನಕ್ಷೆಯಲ್ಲಿ, ಖಾತೆಯಿಂದ ಹಣ ಕಡಿತವಾದ ಮೇಲೆ ನೋಟು ಹೊರಬಾರದೆ ಸಿಕ್ಕಿಕೊಂಡರೆ ಮುಂದೇನೆಂಬುದನ್ನು ಸೂಚಿಸುವ ಗೆರೆಯೇ ಇಲ್ಲದಿದ್ದರೆ, ಬರೆದಿರುವ ಗೆರೆಗಳನ್ನು ಎಷ್ಟು ಸಲ ನೋಡಿದರೂ ಆ ಕೊರತೆ ಹೊಳೆಯುವುದಿಲ್ಲ. ಏನಿರಬೇಕಿತ್ತೆಂಬುದನ್ನು ಬಳಕೆದಾರರ ಅಗತ್ಯಗಳ ದಾಖಲೆಯಿಂದ ಮೊದಲೇ ಮನನ ಮಾಡಿಕೊಂಡವನಿಗೆ ಮಾತ್ರ ಅದು ಗೋಚರಿಸುತ್ತದೆ.

ಆ ದಾಖಲೆಯೇ ಅಪೂರ್ಣವಾಗಿದ್ದರೆ ಪರಿಶೀಲನೆಯ ಯೋಗ್ಯತೆಯೂ ಕುಂದುತ್ತದೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ ನಾಶವಾದದ್ದಕ್ಕೆ, 64 ಬಿಟ್‌ಗಳ ಒಂದು ಸಂಖ್ಯೆಯನ್ನು 16 ಬಿಟ್‌ಗಳಿಗೆ ಇಳಿಸುವಾಗ ಅದು ಮಿತಿ ಮೀರಿದ್ದು ಕಾರಣವಾಯಿತು. ಅಪಾಯವಿದ್ದ 7 ಚರಾಂಶಗಳಲ್ಲಿ 4ಕ್ಕೆ ರಕ್ಷಣೆ ಒದಗಿಸಿ, ಉಳಿದ 3 ಮಿತಿ ಮೀರವೆಂಬ ನಂಬಿಕೆಯಿಂದ ಅವನ್ನು ಹಾಗೆಯೇ ಬಿಡಲಾಗಿತ್ತು. ಹಿಂದಿನ ರಾಕೆಟ್ಟಾದ ಏರಿಯಾನ್ 4ರಿಂದ ಬಂದಿದ್ದ, ಆ ಸಂಖ್ಯೆಯನ್ನು ಇಳಿಸುತ್ತಿದ್ದ ವ್ಯವಸ್ಥೆಯ ಅಗತ್ಯಗಳ ದಾಖಲೆಯಲ್ಲಿ ಹೊಸ ರಾಕೆಟ್ಟಿನ ಹಾರುಪಥದ ವಿವರವನ್ನೇ ಸೇರಿಸಿರಲಿಲ್ಲ.

ಆದ್ದರಿಂದ ಯಾವ ದಾಖಲೆಯನ್ನು ಆಧರಿಸಿ ಯಾವ ಪ್ರಶ್ನೆಗಳನ್ನು ಕೇಳಲಾಯಿತು, ಯಾವುವನ್ನು ಕೇಳಲಾಗಲಿಲ್ಲ ಎಂಬುದನ್ನು ಪರಿಶೀಲಕನು ತನ್ನ ನಿರ್ಣಯದೊಡನೆಯೇ ತಿಳಿಸಬೇಕು. ಇದು ಸತ್ಯನಿಷ್ಠೆಯ ಕನಿಷ್ಠ ಬೇಡಿಕೆ; ಏಕೆಂದರೆ ತಂತ್ರಾಂಶವನ್ನು ನಂಬಿ ಹಣವನ್ನೋ ಪ್ರಾಣವನ್ನೋ ಒಪ್ಪಿಸುವವನಿಗೆ ಅದರ ವಿನ್ಯಾಸವನ್ನು ತಾನೇ ನೋಡುವ ಅವಕಾಶವಿರುವುದಿಲ್ಲ.