ಕೈಸರನ ನಾಣ್ಯವೂ ಸಾಸಿವೆ ಡಬ್ಬಿಯೂ

ತೆರಿಗೆಯ ಪ್ರಶ್ನೆಯೊಡ್ಡಿ ಪ್ರಭು ಯೇಸುವನ್ನು ಮಾತಿನಲ್ಲಿ ಸಿಕ್ಕಿಸಲು ಬಂದವರಿಂದ ಅವರು ಮೊದಲು ಕೇಳಿ ಪಡೆದದ್ದು ಒಂದು ನಾಣ್ಯವನ್ನು. ಅದರ ಮೇಲಿದ್ದುದು ಚಕ್ರವರ್ತಿಯ ಮುಖ. ಅನಂತರ ಅವರು ಕೊಟ್ಟ ಉತ್ತರ ನಮಗೆಲ್ಲ ಬಾಯಿಪಾಠವಾಗಿದೆ. ಆದರೆ ಅದರ ಮೊದಲರ್ಧವನ್ನು ನೆನೆಯುವಷ್ಟು ಸಲೀಸಾಗಿ ಎರಡನೆಯ ಅರ್ಧವನ್ನು ನಾವು ನೆನೆಯುವುದಿಲ್ಲ. ನಾಣ್ಯದ ಮೇಲೆ ಕೈಸರನ ರೂಪವಿದ್ದರೆ ಮನುಷ್ಯನ ಮೇಲಿರುವುದು ದೇವರ ರೂಪ. ಹಾಗಾದರೆ ಕೈಸರನು ತನ್ನ ನಾಣ್ಯದ ಮೂಲಕ ಮನುಷ್ಯನ ಬದುಕಿನ ಮೇಲೆಯೇ ಕೈಯಿಟ್ಟಾಗ ನಾವು ಏನೆನ್ನಬೇಕು?

ನಿಮ್ಮಲ್ಲಿರುವ ನೂರರ ನೋಟೊಂದನ್ನು ತೆಗೆದು ನೋಡಿ. ಅದರ ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಉಂಟು. ಮುಂಬದಿಯಲ್ಲಿ, ಅದನ್ನು ಹಿಡಿದವರಿಗೆ ಆ ಮೊತ್ತವನ್ನು ಸಲ್ಲಿಸುವುದಾಗಿ ರಿಸರ್ವ್ ಬ್ಯಾಂಕಿನ ಗವರ್ನರರು ಮಾತು ಕೊಟ್ಟು ಸಹಿ ಹಾಕಿದ್ದಾರೆ. ಕಾಗದದ ತುಂಡಿಗೆ ಬೆಲೆ ಬಂದಿರುವುದು ಆ ಮಾತಿನಿಂದ.

2016ರ ನವೆಂಬರ್ 8ರ ರಾತ್ರಿ ಎಂಟು ಗಂಟೆಗೆ ಆ ಮಾತಿನ ಬಹುಭಾಗವನ್ನು ಸರ್ಕಾರವು ಹಿಂತೆಗೆದುಕೊಂಡಿತು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಸುಮಾರು ಶೇಕಡಾ 86ರಷ್ಟಿದ್ದ 500 ಮತ್ತು 1000 ರೂಪಾಯಿಯ ನೋಟುಗಳು ಅಂದು ಮಧ್ಯರಾತ್ರಿಯಿಂದ ರದ್ದಾದವು. ಕಪ್ಪುಹಣ, ಖೋಟಾನೋಟು, ಭಯೋತ್ಪಾದನೆ ಇವುಗಳನ್ನು ಮಟ್ಟಹಾಕುವುದು ಉದ್ದೇಶವೆಂದು ಸಾರಲಾಯಿತು. ಕೂಲಿಕಾರರು ದಿನಗೂಲಿ ಬಿಟ್ಟು ಬ್ಯಾಂಕಿನ ಮುಂದೆ ಸಾಲುಗಟ್ಟಿ ನಿಂತರು. ಗಂಡನ ಕುಡಿತಕ್ಕೆ ಸಿಗದಿರಲೆಂದು ಸಾಸಿವೆ ಡಬ್ಬಿಯಲ್ಲಿ ನೋಟು ಮಡಿಚಿಟ್ಟಿದ್ದ ಗೃಹಿಣಿಯರು ತಮ್ಮ ಗುಟ್ಟನ್ನು ಬಯಲು ಮಾಡಬೇಕಾಯಿತು.

ಜನರು ಇದನ್ನು ತಾಳ್ಮೆಯಿಂದ ಸಹಿಸಿದರೆಂಬುದು ನಿಜ. ನಾಡಿಗೆ ಒಳಿತಾಗುವುದಾದರೆ ಈ ಕಷ್ಟವೂ ಆಗಲಿ ಎಂದವರು ಬಡವರಲ್ಲಿಯೇ ಅನೇಕರಿದ್ದರು. ಅದನ್ನು ಮೂಢತನವೆಂದು ಜರಿಯುವುದು ನನಗೆ ಸಮ್ಮತವಲ್ಲ. ಅದೊಂದು ತ್ಯಾಗವೇ ಆಗಿತ್ತು. ಆದುದರಿಂದಲೇ ಲೆಕ್ಕ ಕೇಳುವ ಹಕ್ಕೂ ಹುಟ್ಟುತ್ತದೆ. ರದ್ದಾದ 15.41 ಲಕ್ಷ ಕೋಟಿ ರೂಪಾಯಿಗಳಲ್ಲಿ 15.31 ಲಕ್ಷ ಕೋಟಿ, ಅಂದರೆ ಶೇಕಡಾ 99.3ರಷ್ಟು ಬ್ಯಾಂಕುಗಳಿಗೆ ಮರಳಿತೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ವರದಿ ಮಾಡಿತು. ನೋಟಿನ ರೂಪದಲ್ಲಿದ್ದ ಕಪ್ಪುಹಣವು ಮರಳಿ ಬರಲಾರದೆ ನಾಶವಾಗುವುದೆಂಬ ನಿರೀಕ್ಷೆ ಹುಸಿಯಾಯಿತು. ಸಾಲಿನಲ್ಲಿ ನಿಂತವರಿಗೆ ಯಾರೂ ಉತ್ತರ ಹೇಳಲಿಲ್ಲ.

ಗುಟ್ಟಾಗಿ ಮಾಡದೆ ಗತ್ಯಂತರವಿತ್ತೇ ಎಂದು ನೀವು ಕೇಳಬಹುದು. 1978ರಲ್ಲಿ ದೊಡ್ಡ ನೋಟುಗಳನ್ನು ರದ್ದುಪಡಿಸಿದಾಗ ಮೊದಲು ಸುಗ್ರೀವಾಜ್ಞೆ, ಬಳಿಕ ಸಂಸತ್ತಿನ ಕಾಯಿದೆ ಬಂದಿತ್ತು. 2016ರಲ್ಲಿ ನೋಟುಗಳನ್ನು ರದ್ದುಪಡಿಸಿದ್ದು ಒಂದು ಅಧಿಸೂಚನೆಯ ಮೂಲಕ. 2023ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯವು ನಾಲ್ವರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಭಿನ್ನಮತ ಬರೆದ ಒಬ್ಬರೇ ಒಬ್ಬರು ನಮ್ಮ ಕರ್ನಾಟಕದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಉದ್ದೇಶವನ್ನು ಅವರು ಶಂಕಿಸಲಿಲ್ಲ. ಇಷ್ಟು ದೊಡ್ಡ ಕಾರ್ಯವನ್ನು ಶಾಸನದ ಮೂಲಕ ಮಾಡಬೇಕಿತ್ತು, ರಿಸರ್ವ್ ಬ್ಯಾಂಕ್ ಸ್ವತಂತ್ರವಾಗಿ ಯೋಚಿಸಿದಂತೆ ಕಾಣುವುದಿಲ್ಲ ಎಂಬುದು ಅವರ ನಿಲುವು. ಸದುದ್ದೇಶವು ದಾರಿಯನ್ನು ಪಾವನಗೊಳಿಸದು ಎಂಬ ನಮ್ಮ ನೀತಿಬೋಧೆಗೂ ಈ ನಿಲುವಿಗೂ ದೂರವಿಲ್ಲ.

ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಡಬ್ಬಿಯ ಹಣ ಬೆಳಕಿಗೆ ಬರಲೇಬೇಕೆಂದು ವಿಧಿಸಿದ ಸರ್ಕಾರವೇ 2018ರಲ್ಲಿ ಚುನಾವಣಾ ಬಾಂಡುಗಳನ್ನು ತಂದಿತು. ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತೆಂಬುದು ಮತದಾರನಿಗೆ ತಿಳಿಯದಂತಾಯಿತು. 2024ರ ಫೆಬ್ರವರಿ 15ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ಅಸಾಂವಿಧಾನಿಕವೆಂದು ರದ್ದುಪಡಿಸುವವರೆಗೆ ಆ ಮರೆ ಉಳಿದಿತ್ತು. ಹಲವು ಪಕ್ಷಗಳು ಆ ಮರೆಯಲ್ಲಿ ಹಣ ಪಡೆದವು. ಬಡವಳ ಗುಟ್ಟು ಅಪರಾಧವೆನಿಸಿ ಬಲಾಢ್ಯರ ಗುಟ್ಟು ಕಾನೂನಾಗುವುದು ಯಾವ ನ್ಯಾಯ?

ಇಸ್ರಯೇಲರು ತಮಗೊಬ್ಬ ಅರಸ ಬೇಕೆಂದು ಹಟ ಹಿಡಿದಾಗ ಪ್ರವಾದಿ ಸಮುವೇಲನು ಅವರನ್ನು ಎಚ್ಚರಿಸಿದನು. ಅರಸನು ಮಕ್ಕಳನ್ನು ದುಡಿಸಿಕೊಳ್ಳುವನು, ಹೊಲ ತೋಟಗಳನ್ನು ಕಿತ್ತುಕೊಳ್ಳುವನು, ದಶಮಾಂಶ ವಸೂಲು ಮಾಡುವನು ಎಂದನು. ಆದರೂ ಜನ ಕೇಳಲಿಲ್ಲ. ಅಧಿಕಾರ ಬೇಡವೇ ಬೇಡವೆಂದು ಪವಿತ್ರ ಗ್ರಂಥ ಬೋಧಿಸುವುದಿಲ್ಲ. ಸಂತ ಪೌಲರು ಅಧಿಕಾರಿಗಳಿಗೆ ವಿಧೇಯರಾಗಿರಲು ಹೇಳುತ್ತಾರೆ. ಆದರೆ ವಿಧೇಯತೆಗೂ ಕಣ್ಣುಮುಚ್ಚಿದ ನಂಬಿಕೆಗೂ ಅಂತರವಿದೆ. ಸಂಪೂರ್ಣ ನಂಬಿಕೆಗೆ ಅರ್ಹನು ದೇವರೊಬ್ಬನೇ. ಅದನ್ನು ಆಳುವವರಿಗೆ ಅರ್ಪಿಸಿದರೆ ಅದೂ ಒಂದು ಬಗೆಯ ವಿಗ್ರಹಾರಾಧನೆ.

ಆದರೆ ಸಂಶಯವನ್ನು ದೆಹಲಿಯತ್ತ ಮಾತ್ರ ತಿರುಗಿಸಿದರೆ ನಾವು ಫರಿಸಾಯರಾಗುತ್ತೇವೆ. ನಮ್ಮ ಧರ್ಮಕೇಂದ್ರದ ಹಬ್ಬದ ವಂತಿಗೆಯ ಲೆಕ್ಕವನ್ನು ದೇವಾಲಯದ ಬಾಗಿಲಲ್ಲಿ ತೂಗುಹಾಕಿದ್ದೇವೆಯೇ? ಸಭೆಯಲ್ಲಿ ಲೆಕ್ಕ ಕೇಳಿದವನನ್ನು ತಕರಾರಿನವನೆಂದು ದೂರವಿಟ್ಟಿಲ್ಲವೇ? ಮನೆಯಲ್ಲಿ ಮಡದಿಯನ್ನು ಕೇಳದೆ ಜಮೀನು ಅಡವಿಟ್ಟು ‘ಎಲ್ಲಾ ನಿಮ್ಮ ಒಳ್ಳೆಯದಕ್ಕೇ’ ಎಂದಿಲ್ಲವೇ? ಕೈಸರನು ನಮ್ಮೊಳಗೂ ಸಣ್ಣ ಸಿಂಹಾಸನ ಹಾಕಿ ಕುಳಿತಿರುತ್ತಾನೆ.

ಓದುಗರೇ, ಮುಂದೆ ಯಾರಾದರೂ ನಿಮ್ಮ ಒಳಿತಿಗಾಗಿ ನಿಮ್ಮಿಂದ ತ್ಯಾಗ ಕೇಳಿದಾಗ, ಕೊಡುವುದಾದರೆ ಮನಃಪೂರ್ವಕವಾಗಿ ಕೊಡಿ. ಕೊಟ್ಟ ಮೇಲೆ ಲೆಕ್ಕವನ್ನೂ ಕೇಳಿ. ನಿಮ್ಮನ್ನು ಯಾರಾದರೂ ಕೇಳಿದಾಗ ಸಿಡುಕದೆ ಲೆಕ್ಕ ಒಪ್ಪಿಸಿ. ಸಾಸಿವೆ ಡಬ್ಬಿಯಲ್ಲಿ ನೋಟು ಬಚ್ಚಿಟ್ಟ ಆ ತಾಯಿಯ ಮುಖದಲ್ಲಿರುವುದು ದೇವರ ರೂಪ. ಅದಕ್ಕೆ ಸಲ್ಲಬೇಕಾದುದನ್ನು ಸಲ್ಲಿಸುವ ಹೊಣೆ ಕೈಸರನಿಗೂ ಇದೆ, ನಮಗೂ ಇದೆ.