ಹಾಸಿಗೆಯ ಋಣ

2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರೆಯಾದ ಯಾದಗಿರಿ ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2022ರಲ್ಲಿ, 150 ಸೀಟುಗಳೊಂದಿಗೆ. ಕಾಲೇಜಿಲ್ಲದ ಜಿಲ್ಲೆಗಳಲ್ಲಿ ಆಗಲೇ ನಡೆಯುತ್ತಿರುವ ಜಿಲ್ಲಾ ಆಸ್ಪತ್ರೆಗೇ ಕಾಲೇಜನ್ನು ಜೋಡಿಸುವುದು, ಖರ್ಚನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುವುದು ಇದರ ಹಿಂದಿನ ಯೋಜನೆ. ಹಾವೇರಿ, ಚಿಕ್ಕಮಗಳೂರು ಕೂಡ ಅದೇ ವರ್ಷ ಅದೇ ದಾರಿಯಲ್ಲಿ ಕಾಲೇಜು ಪಡೆದವು. ಕಟ್ಟಡ, ಪ್ರಯೋಗಾಲಯ, ಹಾಸ್ಟೆಲನ್ನು ದುಡ್ಡು ಕೊಟ್ಟು ಕಟ್ಟಿಸಬಹುದು. ಕಾಯಿಲೆ ಬಿದ್ದ ಮನುಷ್ಯರನ್ನು ಕಟ್ಟಿಸಲಾಗದು, ಅವರು ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲೇ ಇದ್ದಾರೆ. ಹಾಗಾಗಿ ಆಸ್ಪತ್ರೆ ಆರೋಗ್ಯ ಇಲಾಖೆಯಿಂದ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರುವ ಈ ವರ್ಗಾವಣೆಯಲ್ಲಿ ಹೋಗುವುದು ಹಾಸಿಗೆ, ಸಿಬ್ಬಂದಿ ಮಾತ್ರವಲ್ಲ. ಚಿಕಿತ್ಸೆಗೆಂದು ಬಂದವರು ಕಲಿಕೆಗೂ ಒದಗುವವರಾಗುತ್ತಾರೆ. ಇದು ಆಡಳಿತದ ಕಡತದಲ್ಲಿ ಕಾಣದ ಬದಲಾವಣೆ. ಧರ್ಮದ ಪ್ರಶ್ನೆ ಹುಟ್ಟುವುದು ಮಾತ್ರ ಇಲ್ಲಿಂದಲೇ.

ವರ್ಗಾವಣೆ ತಪ್ಪು ಎಂದು ನಾನು ವಾದಿಸುತ್ತಿಲ್ಲ. ಜಿಲ್ಲೆಯಲ್ಲಿ ಭೀಮೆ ಮತ್ತು ಕೃಷ್ಣೆಯ ನಡುವಿನ ತಾಲ್ಲೂಕುಗಳಾದ ಶಹಾಪುರ, ಸುರಪುರಗಳಿಗೆ ರೈಲಿರಲಿಲ್ಲ. ಹೆರಿಗೆ ಕಷ್ಟವಾದರೆ, ತಲೆಗೆ ಪೆಟ್ಟು ಬಿದ್ದರೆ ಕಲಬುರಗಿಗೋ ರಾಯಚೂರಿಗೋ ಓಡಬೇಕಾಗಿದ್ದ ಸೀಮೆ ಇದು. ಕೂಲಿ ಹುಡುಕಿ ಬೆಂಗಳೂರು, ಮುಂಬಯಿಗೆ ಗುಳೆ ಹೋಗುವವರ ಊರುಗಳು. 2018ರಲ್ಲಿ ಕೇಂದ್ರ ಗುರುತಿಸಿದ ಹಿಂದುಳಿದ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದವು ಎರಡೇ, ರಾಯಚೂರು ಮತ್ತು ಯಾದಗಿರಿ. ಇಂಥ ಕಡೆ ತಜ್ಞ ವೈದ್ಯರನ್ನು ತಂದು ನಿಲ್ಲಿಸಲು ಕಾಲೇಜಿಗಿಂತ ಗಟ್ಟಿಯಾದ ಉಪಾಯ ಸರ್ಕಾರಕ್ಕೆ ಇನ್ನೂ ಹೊಳೆದಿಲ್ಲ. ಪ್ರಾಧ್ಯಾಪಕರಿಲ್ಲದೆ ಕಾಲೇಜಿಗೆ ಮಾನ್ಯತೆ ಸಿಗದು, ಆದ್ದರಿಂದ ಅವರನ್ನು ತರಲೇಬೇಕು. ಖಾಸಗಿಯವರಿಗೆ ಒಪ್ಪಿಸುವ ದಾರಿಯೂ ಇತ್ತು. ಪಕ್ಕದ ರಾಯಚೂರಿನಲ್ಲಿ ತೈಲ ರಫ್ತು ದೇಶಗಳ ಕೂಟವಾದ ಒಪೆಕ್‌ನ ನೆರವಿನಿಂದ ಕಟ್ಟಿದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಅಪೋಲೊ ಸಂಸ್ಥೆಗೆ ವಹಿಸಿ, ಹತ್ತು ವರ್ಷಗಳ ನಂತರ 2012ರಲ್ಲಿ ಮರಳಿ ಪಡೆಯಲಾಯಿತು. 2020ರಲ್ಲಿ ನೀತಿ ಆಯೋಗ ಜಿಲ್ಲಾ ಆಸ್ಪತ್ರೆಗಳನ್ನು ಖಾಸಗಿ ಕಾಲೇಜುಗಳಿಗೆ ಜೋಡಿಸುವ ಕರಡೊಂದನ್ನು ಹೊರಡಿಸಿ, ಅದರಲ್ಲಿ ಒಂದಷ್ಟು ಹಾಸಿಗೆಗಳನ್ನು ಮಾರುಕಟ್ಟೆ ದರಕ್ಕೆ ಬಿಡುವ ಮಾತಾಡಿತು. ಅವೆರಡರ ಪಕ್ಕದಲ್ಲಿಟ್ಟು ನೋಡಿದರೆ, ಯಾದಗಿರಿಯಲ್ಲಿ ಸರ್ಕಾರದ ಒಂದು ಕೈಯಿಂದ ಇನ್ನೊಂದು ಕೈಗೆ ಆಸ್ಪತ್ರೆ ಹೋದದ್ದು ಎಷ್ಟೋ ವಾಸಿ.

ಆದರೆ ಒಡೆತನ ಸರ್ಕಾರದ್ದೇ ಆಗಿ ಉಳಿದರೆ ಎಲ್ಲ ಸರಿಯಾಯಿತು ಎಂಬ ಸಮಾಧಾನದೊಳಗೆ ಇನ್ನೊಂದು ಲೆಕ್ಕ ಅಡಗಿದೆ. ಬಡವನಿಗೆ ಪುಕ್ಕಟೆ ಚಿಕಿತ್ಸೆ ಸಿಗುತ್ತದೆ, ಅದಕ್ಕೆ ಪ್ರತಿಯಾಗಿ ನಾಲ್ಕು ಹುಡುಗರು ಅವನ ಹೊಟ್ಟೆ ಮುಟ್ಟಿ ನೋಡಿದರೆ ನಷ್ಟವೇನು ಎಂಬ ಲೆಕ್ಕ. ಈ ಕೊಡುಕೊಳ್ಳುವಿಕೆ ಹಳೆಯದು. ಫ್ರಾನ್ಸಿನ ಕ್ರಾಂತಿಯ ಹೊತ್ತಿನ ಆಸ್ಪತ್ರೆಗಳನ್ನು ಕುರಿತು ಚಿಂತಕ ಮಿಶೆಲ್ ಫುಕೋ 1963ರ ತನ್ನ ಪುಸ್ತಕದಲ್ಲಿ ತೋರಿಸಿದ್ದು ಇದನ್ನೇ: ಉಳ್ಳವರ ಹಣದಲ್ಲಿ ಬಡವನಿಗೆ ಆರೈಕೆ, ಬಡವನ ಮೈಯಿಂದ ಹುಟ್ಟಿದ ಅರಿವಿನಲ್ಲಿ ಉಳ್ಳವರಿಗೆ ಲಾಭ. ನಮ್ಮ ಸಂವಿಧಾನದಡಿ ಈ ಒಪ್ಪಂದ ನಿಲ್ಲುವುದಿಲ್ಲ. ರೈಲಿನಿಂದ ಬಿದ್ದು ಪೆಟ್ಟಾದ ಕೂಲಿಕಾರನೊಬ್ಬನನ್ನು ಬಂಗಾಳದ ಒಂದಾದಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆ ಇಲ್ಲವೆಂದು ಹಿಂದಕ್ಕೆ ಕಳಿಸಿದ ಪ್ರಕರಣದಲ್ಲಿ, ಸಕಾಲದ ಚಿಕಿತ್ಸೆ ಕೊಡುವುದು ಸರ್ಕಾರದ ಹೊಣೆ, ಅದು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಚಿಕಿತ್ಸೆ ಹಕ್ಕಾದ ಮೇಲೆ ಅದಕ್ಕೆ ಬೆಲೆ ಕೇಳುವಂತಿಲ್ಲ. ಮೈಯನ್ನು ಪಾಠಕ್ಕೆ ಒಡ್ಡುವುದು ಆ ಬೆಲೆಯಾಗಲಾರದು. ಹಾಗಿದ್ದ ಮೇಲೆ, ವಾರ್ಡಿನಲ್ಲಿ ವಿದ್ಯಾರ್ಥಿಗೆ ಸಿಗುವುದು ರೋಗಿ ತೀರಿಸಿದ ಸಾಲವಲ್ಲ. ಅದು ಅವನು ಕೊಟ್ಟ ದಾನ.

ದಾನವನ್ನು ಕುರಿತು ತಲೆಕೆಳಗಾಗಿ ಯೋಚಿಸಿದವನೊಬ್ಬ ಈ ಸೀಮೆಯವನೇ. ಸುರಪುರದ ಕಡೆಯ ಮುದನೂರಿನ ಜೇಡರ ದಾಸಿಮಯ್ಯ, ನೆಯ್ಗೆಯ ಕಸುಬಿನವನು, ನೆಲ, ಬೆಳೆ, ಗಾಳಿ ಎಲ್ಲವೂ ಇನ್ನೊಬ್ಬನ ಕೊಡುಗೆ ಎಂದು ಕಂಡವನು. ಆ ಕೊಡುಗೆಯನ್ನು ಉಂಡು, ಕೊಟ್ಟವನನ್ನು ಮರೆತು ಬೇರೆಯವರನ್ನು ಹೊಗಳುವವರ ಮೇಲೆ ಅವನಿಗೆ ಸಿಟ್ಟು. ಅವನು ಹೇಳಿದ್ದು ದೇವರನ್ನು ಕುರಿತು, ನಿಜ. ಆದರೆ ಆ ನೋಟವನ್ನು ವಾರ್ಡಿಗೆ ತಂದರೆ ಬೇಗ ಅರ್ಥವಾಗುವ ಸಂಗತಿಯೊಂದಿದೆ: ಬಿಳಿ ಕೋಟು ತೊಟ್ಟವನು ತಾನು ಕೊಡುವವನೆಂದು ತಿಳಿದಿರುತ್ತಾನೆ, ಅವನ ಬೆರಳಿನ ಅರಿವೆಲ್ಲ ಬಂದದ್ದು ಮಾತ್ರ ಮಲಗಿದ್ದವರಿಂದ. ಮುಂದೆ ಅವನು ಕೃತಜ್ಞತೆ ಹೇಳುವುದು ಪ್ರಾಧ್ಯಾಪಕರಿಗೆ, ಸಂಸ್ಥೆಗೆ, ತಂದೆತಾಯಿಗೆ. ಶಹಾಪುರದ ಹತ್ತಿ ಹೊಲದಿಂದ ಬಂದು ಎರಡು ವಾರ ಮಲಗಿ ಹೋದ ಹೆಂಗಸಿಗಲ್ಲ.

ದಾನದ ಈ ಮಾತು ಇಷ್ಟಕ್ಕೇ ನಿಂತರೆ ಅಪಾಯಕಾರಿಯೂ ಹೌದು. ಬಡವರ ಪಾಲಿಗೆ ಪುಣ್ಯದ ಭಾಷೆ ಅನೇಕ ಸಲ ಬಲವಂತವನ್ನು ಮುಚ್ಚುವ ಬಟ್ಟೆಯಾಗಿದೆ. ಕೇಳದೆ ತೆಗೆದುಕೊಂಡದ್ದನ್ನು ದಾನ ಎಂದು ಕರೆದರೆ ತೆಗೆದುಕೊಂಡವನಿಗೇ ಅನುಕೂಲ. ರಾಜ್ಯದ 1957ರ ಅಂಗರಚನಾ ಕಾಯ್ದೆಯನ್ನೇ ನೋಡಿ. ವಾರಸುದಾರರು ಬಾರದ ಶವಗಳನ್ನು ಬೋಧನೆಗೆ ಕೊಡಲು ಅದು ದಾರಿ ಮಾಡುತ್ತದೆ. ವಾರಸುದಾರರು ಬಾರದಿರುವುದು ಯಾರಿಗೆ? ಗುಳೆ ಹೋದ ಊರಿನಲ್ಲಿ ಸತ್ತವನಿಗೆ, ಭಿಕ್ಷೆ ಬೇಡುತ್ತಿದ್ದವನಿಗೆ, ಮನೆಯಿಂದ ಹೊರಬಿದ್ದವಳಿಗೆ. ಹೂಳಬೇಕೋ ಸುಡಬೇಕೋ ಎಂಬ ಅವರ ನಂಬಿಕೆಯನ್ನು ಯಾರೂ ಕೇಳುವುದಿಲ್ಲ. ಇನ್ನೊಂದು ಕಡೆ, ಬದುಕಿರುವಾಗಲೇ ಸಹಿ ಮಾಡಿ ದೇಹದಾನ ಮಾಡುವವರಿಗೆ ಮೆರವಣಿಗೆ, ಪತ್ರಿಕೆಯಲ್ಲಿ ಫೋಟೊ. ಮೇಜಿನ ಮೇಲೆ ಎರಡೂ ದೇಹಗಳಿಂದ ಕಲಿಯುವ ಪಾಠ ಒಂದೇ. ವ್ಯತ್ಯಾಸವಿರುವುದು ಬೇಡವೆನ್ನುವ ಅವಕಾಶದಲ್ಲಿ. ಮನುಷ್ಯನನ್ನು ಬರೀ ಸಾಧನವಾಗಿ ಬಳಸಬೇಡ ಎಂದು ತತ್ವಜ್ಞಾನಿ ಕಾಂಟ್ 1785ರಲ್ಲೇ ಬರೆದಿದ್ದ.

ಆದ್ದರಿಂದ ವರ್ಗಾವಣೆಯ ನ್ಯಾಯವನ್ನು ಅಳೆಯಬೇಕಾದದ್ದು ಬೇಡ ಎಂದ ರೋಗಿಯ ಗತಿಯಿಂದ. ವಿದ್ಯಾರ್ಥಿಗಳು ಬೇಡ ಎಂದ ಬಾಣಂತಿಗೆ ಅದೇ ವೈದ್ಯ, ಅದೇ ಔಷಧ, ಅದೇ ಮುಖಭಾವ ಸಿಗುತ್ತದೆಯೇ? ದಾಖಲಾಗುವಾಗಲೇ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಒಪ್ಪಿಗೆಯಲ್ಲ. ಇವರು ಕಲಿಯುವವರು, ನೋಡಬಹುದೇ ಎಂದು ರೋಗಿಯ ಮಾತಿನಲ್ಲಿ ಪ್ರತಿಸಲ ಕೇಳಿ ಪಡೆದದ್ದು ಒಪ್ಪಿಗೆ. ಎಲ್ಲರೂ ಬೇಡ ಎಂದುಬಿಟ್ಟರೆ ವೈದ್ಯರು ಎಲ್ಲಿಂದ ಬರಬೇಕು ಎಂಬ ಆಕ್ಷೇಪ ಬರುತ್ತದೆ. ಅದು ಹಗುರವಾದ ಆಕ್ಷೇಪವಲ್ಲ. ಬೊಂಬೆಗಳ ಮೇಲೆ ಕಲಿತು ಯಾರೂ ವೈದ್ಯರಾಗರು. ಆದರೆ ವೈದ್ಯಶಿಕ್ಷಣ ಸಮಾಜಕ್ಕೆಲ್ಲ ಬೇಕಾದ ಒಳಿತು ಎನ್ನುವುದಾದರೆ ಅದರ ಭಾರ ಯಾದಗಿರಿಯ ಸಾಮಾನ್ಯ ವಾರ್ಡಿನ ಮೇಲೆ ಮಾತ್ರ ಏಕೆ? ಹಣ ಕೊಟ್ಟು ಪ್ರತ್ಯೇಕ ಕೋಣೆ ಹಿಡಿಯುವವರ ಬಾಗಿಲು ವಿದ್ಯಾರ್ಥಿಗಳಿಗೆ ಮುಚ್ಚಿರುತ್ತದೆ, ಅದನ್ನು ಯಾರೂ ಶಿಕ್ಷಣಕ್ಕೆ ಅಡ್ಡಿ ಎನ್ನುವುದಿಲ್ಲ. ಶ್ರೀಮಂತನ ‘ಬೇಡ’ ಮರ್ಯಾದೆಯಾಗಿ, ಬಡವನ ‘ಬೇಡ’ ಮೊಂಡುತನವಾಗಿ ಕಾಣುವ ತನಕ ಈ ಆಕ್ಷೇಪಕ್ಕೆ ನೈತಿಕ ಬಲವಿಲ್ಲ.

ಇನ್ನು ಆ ದಾನ ಪಡೆದವರ ಋಣ ತೀರುವ ಮಾತು. ಸಂವಿಧಾನದ 371(ಜೆ) ವಿಧಿಯಿಂದಾಗಿ ಈ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಕಲ್ಯಾಣ ಕರ್ನಾಟಕದವರಿಗೆ ಮೀಸಲು. ಋಣ ಇಲ್ಲಿಯೇ ತೀರುತ್ತದೆ ಎನ್ನುವವರು ಇದನ್ನು ತೋರಿಸುತ್ತಾರೆ. ಮೀಸಲಾತಿ ನ್ಯಾಯವಾದದ್ದೇ. ಆದರೆ ಅದು ಸೀಟು ಪಡೆದವರಿಗೆ ಸಂದ ನ್ಯಾಯ, ಹಾಸಿಗೆಯಲ್ಲಿ ಇದ್ದವರಿಗೆ ಸಂದದ್ದಲ್ಲ. ಸ್ಥಳೀಯ ಹುಡುಗಿ ಓದಿ ಬೆಂಗಳೂರಿನಲ್ಲಿ ನೆಲೆಸಿದರೆ ಅದು ಅವಳ ಸ್ವಾತಂತ್ರ್ಯ, ಅವಳೊಬ್ಬಳ ತಲೆಗೆ ಸೀಮೆಯ ಸಾಲವನ್ನೆಲ್ಲ ಕಟ್ಟುವುದು ಸಲ್ಲ. ಸಾಲ ಸಂಸ್ಥೆಯದು. ಈಗಿನ ಪಠ್ಯಕ್ರಮದಲ್ಲಿ ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ವರ್ಷಗಳ ಕಾಲ ಗಮನಿಸಬೇಕೆಂಬ ನಿಯಮವಿದೆ, ಒಳ್ಳೆಯದು. ಹುಡುಗ ಪಾಸಾಗಿ ಹೋದ ಮೇಲೆ ಆ ಮನೆಯ ರಕ್ತಹೀನತೆಯ ಕಡತ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಸಂಸ್ಥೆ ಹೇಳಬೇಕು. ಅದಕ್ಕಿಂತ ದೊಡ್ಡ ಬಿರುಕು ತಾಲ್ಲೂಕು ಮಟ್ಟದ್ದು. ಕಾಲೇಜಿನ ಆಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಯದು, ಶಹಾಪುರ ಮತ್ತು ಸುರಪುರದ ತಾಲ್ಲೂಕು ಆಸ್ಪತ್ರೆಗಳು ಆರೋಗ್ಯ ಇಲಾಖೆಯವು. ಸುರಪುರದಿಂದ ಮುಂದಕ್ಕೆ ಬರೆದುಕೊಟ್ಟ ಚೀಟಿ ಹಿಡಿದು ಬಂದವರಿಗೆ ಇಲಾಖೆಗಳ ಈ ಗಡಿ ಗೊತ್ತಿರುವುದಿಲ್ಲ. ಪ್ರಾಧ್ಯಾಪಕರು ಸರದಿಯ ಮೇಲೆ ಆ ಎರಡು ಊರುಗಳಲ್ಲಿ ಕುಳಿತು ರೋಗಿಗಳನ್ನು ನೋಡಿದರೆ, ಪಾಠವೂ ಅಲ್ಲೇ ಆದರೆ, ಕೊಟ್ಟವರ ಬಾಗಿಲಿಗೆ ವಿದ್ಯೆ ಮರಳಿ ಹೋದಂತಾಗುತ್ತದೆ. ಪ್ರಾಧ್ಯಾಪಕರ ಹಾಜರಾತಿ ಕಾಲೇಜಿನಲ್ಲೇ ಬೀಳಬೇಕಲ್ಲ ಎಂದು ಆಡಳಿತದವರು ಉತ್ತರಿಸಬಹುದು. ಹಾಗಾದರೆ ಶಹಾಪುರ, ಸುರಪುರದ ಆಸ್ಪತ್ರೆಗಳಲ್ಲಿ ಕಳೆದ ದಿನವನ್ನೂ ಹಾಜರಿ ಎಂದು ಎಣಿಸುವಂತೆ, ಹಾಜರಾತಿಯ ನಿಯಮ ಮಾಡುವ ರಾಷ್ಟ್ರೀಯ ವೈದ್ಯಕೀಯ ಆಯೋಗವನ್ನು ಲಿಖಿತವಾಗಿ ಕೇಳುವುದು ರಾಜ್ಯ ಸರ್ಕಾರದ ಮುಂದಿನ ಕೆಲಸ.