ಉಳಿಸಿದ ಜೀವಕ್ಕೊಂದು ಮನೆ



ದಯೆಯನ್ನು ಕುರಿತು ನಮ್ಮ ಮಠಗಳಲ್ಲಿ ನಡೆಯುವ ಪ್ರವಚನಗಳಿಗೆ ಲೆಕ್ಕವಿಲ್ಲ. ನಾನೂ ಮಠದ ಪಾಠಶಾಲೆಯಲ್ಲಿ ಅನೇಕ ವರ್ಷಗಳಿಂದ ಮಕ್ಕಳಿಗೆ ಆ ಪಾಠವನ್ನು ಹೇಳುತ್ತ ಬಂದವನು. ದಯೆಯ ಕೆಲಸವು ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ನನಗೆ ಒಂದು ನಾಯಿಯು ಹಾಕಿತು. ಹಾವಿನಹಾಳ ಕಲ್ಲಯ್ಯನವರ ನಾಯಿಯು ವೇದವನ್ನೋದಿದ ಕಥೆಯನ್ನು ಕೇಳಿ ಬೆಳೆದವರು ನಾವು. ಆದಕಾರಣ ನಾಯಿಯು ಮಾಸ್ತರನಿಗೆ ಪಾಠ ಹೇಳಿತೆಂದರೆ ನಗುವವರು ನಮ್ಮಲ್ಲಿರಲಾರರೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

2021ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನಮ್ಮ ಶಾಲೆಯ ಪಡಸಾಲೆಯಲ್ಲಿ ಒಂದು ಹೆಣ್ಣು ನಾಯಿಯು ಮುದುಡಿ ಮಲಗಿತ್ತು. ಉದ್ದ ಮೋರೆ, ಆಳವಾದ ಎದೆ, ಒಳಗೆ ಸೇದಿದ ಹೊಟ್ಟೆ, ನೂಲಿನಂಥ ಕಾಲುಗಳು. ಕೊರಳಲ್ಲಿ ಹಗ್ಗವು ಕೊರೆದ ಹುಣ್ಣು. ಬಾಗಲಕೋಟೆ ಜಿಲ್ಲೆಯವರಿಗೆ ಅದರ ಗುರುತನ್ನು ಹೇಳಬೇಕಾಗಿಲ್ಲ. ಅದು ಮುಧೋಳದ ಬೇಟೆನಾಯಿ. ವಿಲಾಯತಿಯ ಗ್ರೇಹೌಂಡ್ ನಾಯಿಯಂತೆ ಇದೂ ಮೂಸಿ ಹುಡುಕುವುದಕ್ಕಿಂತ ಕಣ್ಣಿಂದ ಕಂಡು ಓಡಿ ಹಿಡಿಯುವ ಜಾತಿಯದು. ಮುಧೋಳದ ಘೋರ್ಪಡೆ ಅರಸರು ಇದನ್ನು ಸಾಕಿ ಬೆಳೆಸಿ, ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಇದರ ಚಿತ್ರವು ಅಂಚೆಚೀಟಿಯ ಮೇಲೆ ಬಂದಿತು. 2020ರ ಆಗಸ್ಟ್ ತಿಂಗಳಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ಇದನ್ನು ಹೊಗಳಿದರು. ಹೊಗಳಿಕೆಯು ಮನುಷ್ಯನಿಗೇ ಒಗ್ಗುವುದಿಲ್ಲ, ಮೂಕಪ್ರಾಣಿಗೆ ಹೇಗೆ ಒಗ್ಗೀತು? ಮನೆಯ ಮುಂದೆ ಇಂಥದೊಂದು ಇರಲೆಂದು ಕೊಂಡವರಲ್ಲಿ ಕೆಲವರು, ಅದಕ್ಕೆ ದಿನವೂ ಓಡಲು ಬಯಲು ಬೇಕೆಂದು ತಿಳಿದೊಡನೆ ಕೈಬಿಟ್ಟರು. ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದು 1960ರ ಕಾಯಿದೆಯಂತೆ ಅಪರಾಧವೆಂಬುದು ಎಷ್ಟು ಜನಕ್ಕೆ ಗೊತ್ತು!

ಮಕ್ಕಳು ರೊಟ್ಟಿ ಹಾಕಿದರು, ಹಾಲು ತಂದರು, ಮಿಂಚಿ ಎಂದು ಹೆಸರಿಟ್ಟರು. ನಾನು ಹುಣ್ಣಿಗೆ ಮದ್ದು ಹಚ್ಚಿಸಿದೆ. ಊರವರು, ‘ಮಾಸ್ತರರು ಪುಣ್ಯದ ಕೆಲಸ ಮಾಡಿದರು’ ಎಂದರು. ಇಲ್ಲಿಗೆ ನನ್ನ ದಯೆಯು ಮುಗಿಯಿತೆಂದು ನಾನು ತಿಳಿದುದೇ ತಪ್ಪಾಯಿತು.

ಶಾಲೆಯಲ್ಲಿ ನಾಯಿಯನ್ನಿಡುವುದು ಸರಿಯಲ್ಲವೆಂದು ಮಾತು ಬಂದಾಗ, ಮೊದಲು ಕೇಳಿದವರಿಗೇ ಅದನ್ನು ಕೊಟ್ಟುಬಿಟ್ಟೆ. ಅವರು ಅನುಕೂಲಸ್ಥರು, ಹೊಸ ಮನೆ, ದೊಡ್ಡ ಅಂಗಳ. ಅವರು ಕೇಳಿದ್ದು ಮೂರು ಮಾತು: ತಳಿ ಶುದ್ಧವೋ, ಎಷ್ಟು ಜೋರಾಗಿ ಓಡುತ್ತದೆ, ಮರಿ ಹಾಕುವ ವಯಸ್ಸೋ? ಆ ಪ್ರಶ್ನೆಗಳೇ ನನ್ನನ್ನು ಎಚ್ಚರಿಸಬೇಕಾಗಿತ್ತು. ಎಚ್ಚರವಾಗಲಿಲ್ಲ. ಏಕೆಂದರೆ ದಾಸೋಹದ ದಿನ ಹತ್ತು ಜನರ ಮುಂದೆ ಹಗ್ಗವನ್ನು ಅವರ ಕೈಗೆ ಕೊಟ್ಟಾಗ ಜನರು ಚಪ್ಪಾಳೆ ತಟ್ಟಿದರು. ನನ್ನ ಕಿವಿಯು ಅದರಿಂದಲೇ ತುಂಬಿಹೋಗಿತ್ತು.

ಮೂರು ತಿಂಗಳ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬನು ಬಂದು, ಹಗಲೆಲ್ಲ ಸರಪಳಿ, ರಾತ್ರಿ ಮೊಲದ ಬೇಟೆ, ಇದು ಮಿಂಚಿಯ ಪಾಡು ಎಂದನು. ಕಾಡುಮೊಲವನ್ನು ಬೇಟೆಯಾಡುವುದನ್ನು 1972ರ ವನ್ಯಜೀವಿ ಕಾಯಿದೆಯು ನಿಷೇಧಿಸಿದೆ. ಆದರೆ ನನ್ನನ್ನು ಸುಟ್ಟದ್ದು ಕಾಯಿದೆಯಲ್ಲ. ಹೋಗಿ ನೋಡಿದೆ. ಮುಂಗಾಲಿನ ಪಾದವು ಸೀಳಿತ್ತು. ನನ್ನ ಧ್ವನಿ ಕೇಳಿಯೂ ಅದು ಎದ್ದು ಬರಲಿಲ್ಲ. ಹಿಂದಕ್ಕೆ ಕೊಡಿರೆಂದಾಗ ಆ ಗೃಹಸ್ಥರು, ‘ಕೊಟ್ಟ ಮ್ಯಾಲ ನಿಮ್ಮದೇನ್ರಿ ಅಧಿಕಾರ, ಮಾಸ್ತರ್ರ?’ ಎಂದರು.

ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕಲಾಗದು. ಕೊಟ್ಟ ವಸ್ತುವಿನಲ್ಲಿ ‘ನನ್ನದು’ ಎಂಬ ಭಾವವನ್ನುಳಿಸಿಕೊಂಡವನ ದಾನವು ದಾನವೇ ಅಲ್ಲವೆಂದು ನಾನೇ ಪಾಠ ಹೇಳಿದ್ದೇನೆ. ದಾಸೋಹಭಾವವೂ ಅದನ್ನೇ ಹೇಳುತ್ತದೆ. ಹಾಗಾದರೆ ನಾನು ಬಾಯಿ ಮುಚ್ಚಿಕೊಂಡು ಬರಬೇಕಾಗಿತ್ತೇ? ಜೋಳವನ್ನು ಕೊಟ್ಟರೆ, ಬಟ್ಟೆಯನ್ನು ಕೊಟ್ಟರೆ ಆ ಮಾತು ಸರಿ. ಉಸಿರಾಡುವ ಜೀವವು ನನ್ನದೂ ಅಲ್ಲ, ಅವರದೂ ಅಲ್ಲ. ಮಗಳನ್ನು ಧಾರೆಯೆರೆದು ಕೊಟ್ಟ ಮೇಲೆ ತವರಿನ ಬಾಗಿಲು ಮುಚ್ಚುವುದುಂಟೇ? ಬಿಡಬೇಕಾದದ್ದು ಒಡೆತನವನ್ನು, ಹೊಣೆಯನ್ನಲ್ಲ. ಅವರು ಖರ್ಚೆಂದು ಹೇಳಿದ ಹಣವನ್ನು ಎಣಿಸಿಕೊಟ್ಟು, ಮಿಂಚಿಯನ್ನು ರಿಕ್ಷಾದಲ್ಲಿ ಮನೆಗೆ ತಂದೆನು.

ಆ ದಿನಗಳಲ್ಲಿ ಇಂಗ್ಲೆಂಡಿನಲ್ಲಿರುವ ನನ್ನ ಶಿಷ್ಯನೊಬ್ಬನು ದೂರವಾಣಿಯಲ್ಲಿ ಮಾತಾಡುತ್ತ ಒಂದು ಸಂಗತಿಯನ್ನು ಹೇಳಿದನು. ಅಲ್ಲಿ 1926ರಲ್ಲಿ ಮ್ಯಾಂಚೆಸ್ಟರ್ ನಗರದಲ್ಲಿ ಗ್ರೇಹೌಂಡ್ ನಾಯಿಗಳ ಪಂದ್ಯಕ್ಕೆಂದೇ ಓಟದ ಕಣವು ತೆರೆಯಿತು, ಜೂಜು ಬೆಳೆಯಿತು. ತಾಸಿಗೆ 60 ಕಿಲೋಮೀಟರಿಗೂ ಮಿಕ್ಕಿ ಓಡುವ ನಾಯಿಯ ಓಟವು ನಾಲ್ಕೈದು ವರ್ಷಕ್ಕೆ ಕುಂದುತ್ತದೆ. ಆಯುಷ್ಯವಾದರೋ ಹತ್ತು ಹನ್ನೆರಡು ವರ್ಷ. ಉಳಿದ ವರ್ಷಗಳನ್ನು ಅದು ಎಲ್ಲಿ ಕಳೆಯಬೇಕು? ಇದಕ್ಕಾಗಿಯೇ 1975ರಲ್ಲಿ ಅಲ್ಲಿ ಒಂದು ಧರ್ಮಸಂಸ್ಥೆಯು ಹುಟ್ಟಿತು. ಅಮೆರಿಕದ ಫ್ಲಾರಿಡಾ ರಾಜ್ಯದ ಜನರು 2018ರಲ್ಲಿ ಮತ ಹಾಕಿ ಈ ಓಟವನ್ನು ನಿಲ್ಲಿಸಲು ತೀರ್ಮಾನಿಸಿದರು. 2020ರ ಕೊನೆಗೆ ಅದು ನಿಂತಾಗ ಅಲ್ಲಿಯೂ ಸಾವಿರಾರು ನಾಯಿಗಳಿಗೆ ಮನೆ ಹುಡುಕಬೇಕಾಯಿತು. ನನ್ನ ಶಿಷ್ಯನು ಇಂಥದೊಂದನ್ನು ಬೇಡಿದಾಗ, ಆ ಸಂಸ್ಥೆಯವರು ಮೊದಲು ಅವನ ಮನೆಗೆ ಬಂದು ಬೇಲಿಯ ಎತ್ತರವನ್ನು ನೋಡಿದರಂತೆ. ಮನೆಯಲ್ಲಿ ಬೆಕ್ಕಿದೆಯೇ, ಹಗಲು ಯಾರಿರುತ್ತಾರೆ ಎಂದು ಕೇಳಿದರಂತೆ. ಗೂಡಿನಲ್ಲೇ ಬೆಳೆದ ನಾಯಿಗೆ ಮೆಟ್ಟಿಲೇರುವುದೂ ಗೊತ್ತಿರಲಾರದು, ಗಾಜಿನ ಬಾಗಿಲೂ ಗೊತ್ತಿರಲಾರದು, ಕಲಿಸಬೇಕು ಎಂದರಂತೆ. ‘ಗುರುಗಳೇ, ಕೆಲಸಕ್ಕೆ ಸೇರುವಾಗಲೂ ನನಗೆ ಇಷ್ಟು ಪ್ರಶ್ನೆ ಕೇಳಿರಲಿಲ್ಲ’ ಎಂದು ನಕ್ಕನು. ನನಗೆ ನಗು ಬರಲಿಲ್ಲ.

ಎರಡನೆಯ ಸಲ ನಾನು ಅವಸರ ಮಾಡಲಿಲ್ಲ. ಪಶುವೈದ್ಯರು ಪಾದಕ್ಕೆ ಹೊಲಿಗೆ ಹಾಕಿದರು. ಹುಚ್ಚುನಾಯಿ ರೋಗದ ಲಸಿಕೆ ಹಾಕಿದರು. ಮರಿಯಾಗದಂತೆ ಶಸ್ತ್ರಚಿಕಿತ್ಸೆಯನ್ನೂ ಮಾಡಿದರು. ಈ ಜಾತಿಯ ಮೈಯಲ್ಲಿ ಕೊಬ್ಬು ತೀರ ಕಡಿಮೆಯಾದುದರಿಂದ ಅರಿವಳಿಕೆಯ ಮದ್ದನ್ನು ಬಹು ಜಾಗರೂಕತೆಯಿಂದ ಕೊಡಬೇಕಂತೆ. ಮರಿಗಳನ್ನು ಮಾರಿ ಹಣ ಮಾಡುವ ಆಸೆಯಿಂದ ಕೇಳುತ್ತಿದ್ದವರು ಶಸ್ತ್ರಚಿಕಿತ್ಸೆಯ ಸುದ್ದಿ ತಿಳಿದ ಮೇಲೆ ಬರುವುದನ್ನು ಬಿಟ್ಟರು. ವೈದ್ಯರು ತತ್ತಿಯನ್ನು ಕೊಡಲು ಹೇಳಿದ್ದರಿಂದ ನಮ್ಮ ಮನೆಯಲ್ಲಿ ಸಣ್ಣ ಧರ್ಮಸಂಕಟವೂ ಹುಟ್ಟಿತು. ಕೊನೆಗೆ ದನದ ಕೊಟ್ಟಿಗೆಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಎಂದು ತೀರ್ಮಾನವಾಯಿತು. ಬೇಯಿಸುವ ಕೆಲಸವು ನನ್ನ ಪಾಲಿಗೆ ಬಂದಿತು.

ಒಂದು ಹಾಳೆಯ ಮೇಲೆ ಮಿಂಚಿಯ ದೋಷಗಳನ್ನೆಲ್ಲ ಬರೆದೆ. ಕೋಳಿಯನ್ನು ಕಂಡರೆ ಬಿಡುವುದಿಲ್ಲ. ಬಯಲಿನಲ್ಲಿ ಹಗ್ಗ ಬಿಚ್ಚಿದರೆ ಕರೆದರೂ ಬರುವುದಿಲ್ಲ. ಸರಪಳಿಯ ಸಪ್ಪಳಕ್ಕೆ ಮೂತ್ರ ಮಾಡಿಕೊಳ್ಳುತ್ತದೆ. ಕೇಳಲು ಬಂದವರಿಗೆ ಮೊದಲು ಇದನ್ನೇ ಓದಿಹೇಳುತ್ತಿದ್ದೆ. ಅನೇಕರು ಚಹಾ ಕುಡಿದು ಎದ್ದುಹೋದರು.

ಗುಳೇದಗುಡ್ಡದಿಂದ ಖಣ ನೇಯುವ ನೇಕಾರರೊಬ್ಬರು ತಮ್ಮ ವೃದ್ಧ ತಾಯಿಯೊಡನೆ ಬಂದರು. ಹಾಳೆಯನ್ನು ಪೂರ್ತಿ ಕೇಳಿದ ಮೇಲೆ ಆ ತಾಯಿಯು, ‘ಯಪ್ಪಾ, ಸರಪಳಿ ಬಿಟ್ಟು ಮತ್ತ್ಯಾವುದಕ್ಕ ಅಂಜತೈತಿ ಇದು?’ ಎಂದು ಕೇಳಿದಳು. ಅದುವರೆಗೆ ಯಾರೂ ಕೇಳದ ಪ್ರಶ್ನೆ.

ಆಗ ಒಪ್ಪಬೇಕಾಗಿತ್ತಲ್ಲವೇ? ನಾನು ಒಪ್ಪಲಿಲ್ಲ. ಮನೆ ನೋಡಬೇಕೆಂದೆ. ನೋಡಿ ಬಂದು, ಹಿತ್ತಿಲ ಗೋಡೆ ಗಿಡ್ಡು ಎಂದೆ. ಅವರು ಗೋಡೆಯ ಮೇಲೆ ತಂತಿಬಲೆ ಹಾಕಿಸಿದರು. ಮನೆ ಇಕ್ಕಟ್ಟು ಎಂದೆ. ಸಾಯಂಕಾಲ ನಾನು ಪುಸ್ತಕ ಹಿಡಿದು ಕೂತರೆ ಮಿಂಚಿಯು ನನ್ನ ಪಾದದ ಮೇಲೆ ಗದ್ದವನ್ನಿಟ್ಟು ಮಲಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ನಮ್ಮ ಮನೆಯವರು ಒಂದು ರಾತ್ರಿ, ‘ಅವರ ಮನಿ ಸಣ್ಣದಲ್ಲರೀ, ನಿಮ್ಮ ಮನಸ್ಸು ಸಣ್ಣದಾಗೇತಿ. ನೀವು ಸಾಲಿಗೆ ಹೋದ ಮ್ಯಾಲ ಅದು ದಿನಾ ಬಾಗಿಲಿಗೆ ಮೋರಿ ಹಚ್ಚಿ ಕುಂತಿರತೈತಿ’ ಎಂದರು. ಮೊದಲ ಸಲ ನನ್ನನ್ನು ಕೆಡಿಸಿದ್ದು ಹೊಗಳಿಕೆ. ಎರಡನೆಯ ಸಲ ದಯೆಯ ವೇಷವನ್ನು ಹಾಕಿಕೊಂಡು ಬಂದದ್ದು ಮೋಹ. ಎರಡೂ ಕಡೆ ನಾನು ನೋಡಿಕೊಂಡದ್ದು ನನ್ನನ್ನೇ.

ಹದಿನೈದು ದಿನ ಇಟ್ಟು ನೋಡಲಿ, ಒಗ್ಗದಿದ್ದರೆ ಎಂದಾದರೂ ನಮ್ಮ ಮನೆಗೇ ತಿರುಗಿ ತರಲಿ, ಮತ್ತಾರಿಗೂ ಕೊಡಬಾರದು ಎಂದು ಮಾತಾಯಿತು. ಈ ಸಲ ಚಪ್ಪಾಳೆಯಿರಲಿಲ್ಲ. ಅದು ಹೊದೆಯುತ್ತಿದ್ದ ಹಳೆಯ ಕಂಬಳಿಯನ್ನೂ ಜೊತೆಗೆ ಕೊಟ್ಟೆವು. ಲಾಳಿಯ ಸಪ್ಪಳಕ್ಕೆ ಎರಡು ದಿನ ಅಂಜಿ ಹಿತ್ತಿಲಲ್ಲೇ ಇತ್ತಂತೆ. ಆ ಮುದುಕಿಯು ಕಂಬಳಿಯನ್ನು ದಿನಕ್ಕೊಂದು ಗೇಣು ಮಗ್ಗದ ಕಡೆಗೆ ಸರಿಸುತ್ತ ಹೋದಳಂತೆ.

ಒಂದು ತಿಂಗಳ ತರುವಾಯ ನಾನು ಹೋದೆನು. ಕುಣಿಮಗ್ಗದ ಪಕ್ಕದಲ್ಲಿ ಮಿಂಚಿಯು ಕಾಲು ಚಾಚಿ ಮಲಗಿತ್ತು. ನನ್ನನ್ನು ಕಂಡು ಎದ್ದು ಬಂದು, ಕೈಯನ್ನು ಮೂಸಿ, ಬಾಲವಾಡಿಸಿ, ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತಿರುಗಿ ಹೋಗಿ ಮಗ್ಗದ ಪಕ್ಕದಲ್ಲಿಯೇ ಮಲಗಿತು. ಆ ತಾಯಿಯು ಚಹಾ ತರಲು ಒಳಗೆ ಹೋದಳು. ನಾನು ಪಂಚೆಯ ಸೆರಗಿನಿಂದ ಕಣ್ಣೊರೆಸಿಕೊಂಡೆನು.